ಪ್ರಶ್ನೆ ಓದುತ್ತಿದ್ದ ಬೆರಿಲ್

ಜನವರಿಯ ಒಂದು ಸಂಜೆ, ಸುದ್ದಿ ಮುಗಿದು ಹವಾಮಾನ ಇನ್ನೂ ಶುರುವಾಗಿರಲಿಲ್ಲ. ಬೆರಿಲ್ ಹೋಯ್ಲ್ ಗ್ಯಾಸಿನ ಒಲೆಯ ಮುಂದೆ ಕಾಲು ಚಾಚಿಕೊಂಡು ಟೀ ಕುಡಿಯುತ್ತಿದ್ದಳು. ಟೀವಿಯಲ್ಲಿ ಎರಡು ಏಣಿ ಬಂದವು. ಏಣಿಯ ಬುಡದಲ್ಲಿ ಇಬ್ಬರು ಎದುರುಬದುರು ನಿಂತಿದ್ದರು, ಕೋಳಿಜಗಳಕ್ಕೆ ನಿಂತ ಹುಂಜಗಳ ಹಾಗೆ. 'ಮುಖಾಮುಖಿ' ಅಂತ ಹೊಸ ಕ್ವಿಜ್ ಬರುತ್ತದಂತೆ, ಬೇಸಿಗೆಗೆ ಶುರುವಂತೆ, ಆಡುವವರು ಬೇಕಾಗಿದ್ದಾರಂತೆ. ಬೆರಿಲ್ ಕಪ್ಪನ್ನು ಸಾಸರಿನ ಮೇಲೆ ಇಟ್ಟೆ ಅಂದುಕೊಂಡು ಗಾಳಿಯ ಮೇಲೆ ಇಟ್ಟಳು. ಟೀಯೆಲ್ಲ ಮಡಿಲಿಗೆ. ಸುಟ್ಟಿದ್ದು ಗೊತ್ತಾಗಿದ್ದು ಟೀವಿಯಲ್ಲಿ ಕೊಟ್ಟ ವಿಳಾಸ ಪೂರ್ತಿ ಬರೆದುಕೊಂಡ ಮೇಲೆ.

ಪಕ್ಕದ ಮನೆಯ ಮ್ಯೂರಿಯಲ್ ಗೋಡೆ ತಟ್ಟಿದಳು. ಬೆರಿಲ್ ವಾಪಸ್ ಎರಡು ಸಲ ತಟ್ಟಿದಳು. ಎರಡು ನಿಮಿಷಕ್ಕೆ ಮ್ಯೂರಿಯಲ್ ಹಿಂಬಾಗಿಲಿನಿಂದ ಒಳಗೆ ಬಂದೇಬಿಟ್ಟಳು, ಮನೆಚಪ್ಪಲಿಯಲ್ಲೇ.

"ನೋಡಿದ್ಯಾ?"

"ನೋಡ್ದೆ."

"ಹೋಗ್ತೀಯಾ?"

"ಹೋಗ್ತೀನಿ ಕಣೇ," ಅಂದಳು ಬೆರಿಲ್. ಅಂದಮೇಲೆ ಅವಳಿಗೇ ಭಯವಾಯಿತು.

ಬೆರಿಲ್ ಹದಿನೈದಕ್ಕೆ ಶಾಲೆ ಬಿಟ್ಟವಳು. ಲ್ಯಾಂಕಾಶೈರಿನ ಕಣಿವೆಯೂರು ವಾಟರ್‌ಫುಟ್ಟಿನ ಮೇಲಿನ ಹತ್ತಿ ಗಿರಣಿಯಲ್ಲಿ ಒಂಬತ್ತು ವರ್ಷ ಮಗ್ಗ ನೋಡಿಕೊಂಡಳು. ಗಿರಣಿ ಮುಚ್ಚಿದ ಮೇಲೆ ಚಪ್ಪಲಿ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ, ಮನೆಯೊಳಗೆ ಹಾಕುವ ಮೆತ್ತನೆ ಚಪ್ಪಲಿಗೆ ಅಂಚು ಹೊಲಿಯುವ ಕೆಲಸ. ಎರಡೂ ಕಡೆ ಮ್ಯೂರಿಯಲ್ ಅವಳ ಪಕ್ಕದ ಯಂತ್ರದಲ್ಲಿ. ಗಂಡ ವಿಲ್ಫ್ 'ಶಟಲ್' ಪಬ್ಬಿನ ಕ್ವಿಜ್ ತಂಡದ ನಾಯಕ. ಆ ಕಣಿವೆಯಲ್ಲಿ ಹನ್ನೆರಡು ಪಬ್ಬುಗಳ ಪಂದ್ಯಾವಳಿ, ಪ್ರತಿ ಮಂಗಳವಾರ, ಚಳಿಗಾಲ ಪೂರ್ತಿ. ಒಂದು ವಾರ ಪ್ರಶ್ನೆ ಓದುವವನು ಬರಲಿಲ್ಲ. ವಿಲ್ಫ್ ಹೆಂಡತಿಯ ಕೈಗೆ ಕಾಗದ ಕೊಟ್ಟು, "ನಿನ್ನ ಧ್ವನಿ ಚೆನ್ನಾಗಿದೆ, ನೀನೇ ಓದು," ಅಂದ. ಆವತ್ತು ಓದಲು ಕೂತವಳು ಮೂವತ್ತೊಂದು ವರ್ಷ ಓದಿದಳು.

ಪ್ರಶ್ನೆ ಓದುವವಳಿಗೆ ಎರಡು ಗುಣ ಇರಬೇಕು. ಒಂದು, ಪ್ರಶ್ನೆಯನ್ನು ನಿಧಾನವಾಗಿ ಎರಡು ಸಲ ಓದಬೇಕು. ಇನ್ನೊಂದು, ಉತ್ತರ ಸರಿಯೋ ತಪ್ಪೋ ಅನ್ನುವುದು ಅವರು ಹೇಳಿ ಮುಗಿಸುವವರೆಗೆ ಮುಖದಲ್ಲಿ ಕಾಣಬಾರದು. ಬೆರಿಲಳ ಮುಖ ಕಲ್ಲಿನದು. ಒಂದು ಸಲ ವಿಲ್ಫ್ ತಪ್ಪು ಹೇಳಿ, ಕಾಗದವೇ ತಪ್ಪು ಅಂತ ಮೇಜು ಗುದ್ದಿ, ಹಿಮಮಳೆಯಲ್ಲಿ ಅವಳನ್ನು ಬಿಟ್ಟು ಮುಂದೆ ಮುಂದೆ ನಡೆದುಕೊಂಡು ಮನೆಗೆ ಹೋಗಿದ್ದ. ಆಗಲೂ ಆ ಮುಖ ಅಲುಗಿರಲಿಲ್ಲ.

ಆದರೆ ಅವಳಿಗೊಂದು ಆಸೆಯಿತ್ತು, ಯಾರಿಗೂ ಹೇಳಿರಲಿಲ್ಲ. ಮೂವತ್ತೊಂದು ವರ್ಷ ಅವಳು ಬಾಯಿಬಿಟ್ಟು ಹೇಳಿದ ಒಂದೊಂದು ಉತ್ತರವೂ ಕಾಗದದಲ್ಲಿ ಬೇರೆಯವರು ಬರೆದದ್ದು. ಒಂದೇ ಒಂದು ಸಲ, ಕೈಯಲ್ಲಿ ಕಾಗದ ಇಲ್ಲದೆ, ನಾಲ್ಕು ಜನರ ಮುಂದೆ, ತನ್ನ ತಲೆಯೊಳಗಿಂದ ತೆಗೆದು ಒಂದು ಉತ್ತರ ಹೇಳಬೇಕು. ವಿಲ್ಫ್ ಬದುಕಿದ್ದಾಗ ಕೇಳಿದ್ದರೆ ತಂಡದಲ್ಲಿ ಕುರ್ಚಿ ಕೊಡುತ್ತಿದ್ದನೋ ಏನೋ. ಅವಳು ಕೇಳಲಿಲ್ಲ. ಅವನು ಹೋಗಿ ಆರು ವರ್ಷ.

ಫೆಬ್ರವರಿಯಲ್ಲಿ ಪತ್ರ ಬಂತು. ಮಾರ್ಚ್ ಹದಿನಾಲ್ಕಕ್ಕೆ ಮ್ಯಾಂಚೆಸ್ಟರಿನ ಒಂದು ಹೋಟೆಲಿನಲ್ಲಿ ಪರೀಕ್ಷೆ. ಇಬ್ಬಿಬ್ಬರನ್ನು ನಿಲ್ಲಿಸಿ ಆಡಿಸುತ್ತಾರೆ, ಇಬ್ಬರಲ್ಲಿ ಗೆದ್ದವರು ಮಾತ್ರ ಟೀವಿಗೆ. ಪತ್ರದ ಜೊತೆಗೆ ಆಟದ ನಿಯಮವೂ ಇತ್ತು. ಮ್ಯೂರಿಯಲ್ ಅದನ್ನು ಜೋರಾಗಿ ಓದಿದಳು.

"ಏಳು ಮೆಟ್ಟಿಲು. ಮೊದಲು ಹತ್ತಿದವರು ಗೆದ್ದ ಹಾಗೆ. ಪ್ರಶ್ನೆ ನಿಂಗೆ ಬಂತು ಅನ್ನು. ಐದು ಸೆಕೆಂಡಲ್ಲಿ ನೀನು 'ಇಟ್ಕೋತೀನಿ' ಅನ್ನಬೇಕು, ಇಲ್ಲಾ 'ತಳ್ತೀನಿ' ಅನ್ನಬೇಕು. ಇಟ್ಕೊಂಡು ಸರಿ ಹೇಳಿದ್ರೆ ಒಂದು ಮೆಟ್ಟಿಲು ಮೇಲೆ. ತಪ್ಪಿದ್ರೆ ಒಂದು ಕೆಳಗೆ. ತಳ್ಳಿದ್ರೆ ಎದುರಿನವರು ಹೇಳಬೇಕು. ಅವರಿಗೆ ಗೊತ್ತಿದ್ರೆ ಅವರು ಎರಡು ಹತ್ತುತ್ತಾರೆ. ಗೊತ್ತಿಲ್ಲದಿದ್ರೆ ನೀನು ಎರಡು."

"ಬಾಯಿ ಮುಚ್ಕೊಂಡಿದ್ರೆ?"

"ಐದು ಸೆಕೆಂಡು ಆದ್ರೆ ತಪ್ಪಿದ ಹಾಗೇ."

ಮುಂದಿನ ಮಂಗಳವಾರ ಸುದ್ದಿ ಶಟಲ್ಲಿಗೆ ಹೋಗಿತ್ತು. ಅರ್ಧ ಪಂದ್ಯ ಮುಗಿದು ಮಾಂಸ ತುಂಬಿದ ಪೈ ಮತ್ತು ಬಟಾಣಿ ಹಂಚುವ ಹೊತ್ತು. ಈಗಿನ ನಾಯಕ ಡೆಸ್ಮಂಡ್ ಟ್ಯಾಟರ್ಸಾಲ್, ನಿವೃತ್ತ ಅಂಚೆಯವನು, ಪೈಯ ಮೇಲೆ ವಿನೆಗರ್ ಸುರಿದುಕೊಳ್ಳುತ್ತಾ ಮೂಗು ಮುರಿದ.

"ಬೆರಿಲ್, ನೀನು ಓದ್ತೀಯ ಚೆನ್ನಾಗಿ. ಆದ್ರೆ ಓದೋದು ಬೇರೆ, ಗೊತ್ತಿರೋದು ಬೇರೆ. ಬಸ್ಸಿನ ಡ್ರೈವರಿಗೆ ದಾರಿ ಗೊತ್ತಿರುತ್ತೆ, ಹಿಂದೆ ಕೂತವರಿಗೆ ಗೊತ್ತಿರುತ್ತಾ?"

"ಕಂಡಕ್ಟರಿಗೆ ಗೊತ್ತಿರುತ್ತೆ," ಅಂದಳು ಬೆರಿಲ್.

ಎಲ್ಲರೂ ನಕ್ಕರು. ಡೆಸ್ಮಂಡನೂ ನಕ್ಕ, ಕೆಟ್ಟವನೇನಲ್ಲ. ತಾನೇ ಎದುರು ನಿಂತು ಅಭ್ಯಾಸ ಮಾಡಿಸುತ್ತೇನೆ ಅಂದ. "ಗುಟ್ಟು ಹೇಳ್ಲಾ? ಗೊತ್ತಿದ್ರೆ ಇಟ್ಕೋ. ಗೊತ್ತಿಲ್ದಿದ್ರೆ ತಳ್ಳು. ಅಷ್ಟೇ."

ಅಭ್ಯಾಸಕ್ಕೆ ಗುರುವಾರ ಮಧ್ಯಾಹ್ನ, ಪಬ್ಬು ಖಾಲಿ ಇರುವಾಗ ಸೇರಿದರು. ಮ್ಯೂರಿಯಲ್ ಹಳೆಯ ಕಾಗದಗಳ ಪೆಟ್ಟಿಗೆಯಿಂದ ಪ್ರಶ್ನೆ ಓದಿದಳು, ಮೊಟ್ಟೆ ಬೇಯಿಸುವ ಗಡಿಯಾರ ಮುಂದಿಟ್ಟುಕೊಂಡು. ಬೆರಿಲಳ ಮೊದಲ ಪ್ರಶ್ನೆಗೇ ಅನಾಹುತವಾಯಿತು. ಪ್ರಶ್ನೆ ಗೊತ್ತಿದ್ದದ್ದೇ. ಹತ್ತು ಸಲವಾದರೂ ಓದಿದ್ದಳು. ಆದರೂ ತಲೆ ತೊಳೆದಿಟ್ಟ ಬಟ್ಟಲಿನ ಹಾಗೆ ಖಾಲಿ. ಗಡಿಯಾರ ಕಿರುಚಿತು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಅವಳು ಮ್ಯೂರಿಯಲ್ ಓದಿದ್ದನ್ನು ತಾನು ಇನ್ನೊಂದು ಸಲ ನಿಧಾನವಾಗಿ ಹೇಳಿಕೊಂಡಳು. ಹೇಳಿ ಮುಗಿದದ್ದೇ ತಡ ಉತ್ತರ ತಾನಾಗಿ ಬಾಯಿಗೆ ಬಂತು. ಅಷ್ಟರಲ್ಲಿ ಗಡಿಯಾರ ಎರಡು ಸಲ ಕಿರುಚಿಯಾಗಿತ್ತು.

"ಅಯ್ಯೋ ದೇವ್ರೇ," ಅಂದ ಡೆಸ್ಮಂಡ್, "ಪ್ರಶ್ನೆಯನ್ನ ಎರಡು ಸಲ ಓದೋ ಚಟ ಇನ್ನೂ ಬಿಟ್ಟಿಲ್ಲ ಇವಳು!"

ಚಟವಲ್ಲ ಅದು. ಬೆರಿಲಳಿಗೆ ಆವತ್ತು ಗೊತ್ತಾಯಿತು: ಅವಳ ಉತ್ತರಗಳೆಲ್ಲ ಅವಳದೇ ಧ್ವನಿಗೆ ಅಂಟಿಕೊಂಡಿವೆ. ಬೇರೆಯವರ ಧ್ವನಿಯಲ್ಲಿ ಕರೆದರೆ ಬರುವುದಿಲ್ಲ, ಸಾಕಿದವಳ ಕೂಗಿಗೆ ಮಾತ್ರ ಬರುವ ಬೆಕ್ಕಿನ ಹಾಗೆ. ಮನೆಗೆ ಬಂದವಳು ಕೋಟು ಬಿಚ್ಚದೆ ಕೂತಳು. ಮಾರ್ಚ್ ಹದಿನಾಲ್ಕಕ್ಕೆ ಮೂರು ವಾರ.

ಮ್ಯೂರಿಯಲ್ ಗೋಡೆ ತಟ್ಟಲಿಲ್ಲ. ನೇರ ಬಂದಳು. "ಜೋರಾಗಿ ಯಾಕೆ ಹೇಳ್ಕೋಬೇಕು?" ಅಂದಳು. "ಮೀ-ಮಾ ಮಾಡು."

ಅದು ಗಿರಣಿಯ ಮಾತು. ಮಗ್ಗದ ಶೆಡ್ಡಿನಲ್ಲಿ ಮುನ್ನೂರು ಮಗ್ಗ ಒಟ್ಟಿಗೆ ಹೊಡೆದುಕೊಳ್ಳುವಾಗ ಪಕ್ಕದವಳು ಕಿವಿಯಲ್ಲಿ ಕೂಗಿದರೂ ಕೇಳುವುದಿಲ್ಲ. ಅಲ್ಲಿ ಹೆಂಗಸರು ಸದ್ದಿಲ್ಲದೆ ತುಟಿಯನ್ನು ದೊಡ್ಡದಾಗಿ ಆಡಿಸಿ ಮಾತಾಡುತ್ತಿದ್ದರು, ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಶೆಡ್ಡಿನ ಈ ತುದಿಯಿಂದ ಆ ತುದಿಗೆ ಯಾರ ಮದುವೆ, ಯಾರ ಬಸಿರು, ಮೇಸ್ತ್ರಿಯ ಪ್ಯಾಂಟು ಎಲ್ಲಿ ಹರಿದಿದೆ, ಎಲ್ಲವೂ ಹೋಗುತ್ತಿತ್ತು. ಬೆರಿಲ್ ಮತ್ತು ಮ್ಯೂರಿಯಲ್ ಇವತ್ತಿಗೂ ಚರ್ಚಿನಲ್ಲಿ ಹಾಗೇ ಮಾತಾಡುತ್ತಾರೆ.

ಮರುದಿನದಿಂದ ಬೆರಿಲ್ ಓದುವವರ ಜೊತೆಜೊತೆಗೇ, ಸದ್ದಿಲ್ಲದೆ, ತುಟಿಯನ್ನು ಅಷ್ಟಷ್ಟೇ ಆಡಿಸುತ್ತಾ ಪ್ರಶ್ನೆಯನ್ನು ತಾನೂ ಓದತೊಡಗಿದಳು. ಪ್ರಶ್ನೆ ಮುಗಿಯುವಾಗ ಅವಳ ಧ್ವನಿಯೂ ಒಳಗೇ ಮುಗಿದಿರುತ್ತಿತ್ತು. ಉತ್ತರ ಬಾಲ ಎತ್ತಿಕೊಂಡು ಓಡಿ ಬರುತ್ತಿತ್ತು. ಹತ್ತಕ್ಕೆ ಎಂಟು. ಅಡುಗೆಮನೆಯಲ್ಲಿ ಇಬ್ಬರು ಮುದುಕಿಯರು ಕೈಕೈ ಹಿಡಿದು ಕುಣಿದರು.

ಎರಡನೆಯ ಗುರುವಾರ ಮತ್ತೊಂದು ಸಂಗತಿಯಾಯಿತು. ಡೆಸ್ಮಂಡ್ ಎದುರು ನಿಂತಿದ್ದ. ಬೆರಿಲಳಿಗೆ ಪ್ರಶ್ನೆ ಬಂತು. ಅವಳಿಗೆ ಉತ್ತರ ಗೊತ್ತಿತ್ತು, ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಡೆಸ್ಮಂಡನ ತುಟಿಯ ಕಡೆ ಕಣ್ಣು ಹೋಯಿತು. ಮನುಷ್ಯರು ಪ್ರಶ್ನೆ ಕೇಳಿದರೆ ಸುಮ್ಮನಿರುವುದಿಲ್ಲ. ತಮ್ಮದಲ್ಲದಿದ್ದರೂ ಒಳಗೇ ಉತ್ತರ ಹೇಳಿಕೊಳ್ಳುತ್ತಾರೆ. ಡೆಸ್ಮಂಡನ ತುಟಿ ಹೇಳುತ್ತಿದ್ದದ್ದು ತಪ್ಪು ಉತ್ತರ, ಅಂಗೈ ಮೇಲಿಟ್ಟ ಹಾಗೆ ಕಾಣುತ್ತಿತ್ತು.

"ತಳ್ತೀನಿ," ಅಂದಳು ಬೆರಿಲ್.

ಡೆಸ್ಮಂಡ್ ಎದೆಯುಬ್ಬಿಸಿ ತಪ್ಪು ಹೇಳಿದ. ಬೆರಿಲ್ ಎರಡು ಮೆಟ್ಟಿಲು ಹತ್ತಿದಳು.

"ನಿಂಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ಯಾಕೆ ತಳ್ಳಿದೆ?"

"ನಿಂಗೆ ಗೊತ್ತಿರಲಿಲ್ವಲ್ಲ, ಅದಕ್ಕೆ."

ಡೆಸ್ಮಂಡ್ ಗ್ಲಾಸು ಕೆಳಗಿಟ್ಟ. ಅವನು ಹೇಳಿಕೊಟ್ಟ ಗುಟ್ಟು ತಿರುಗುಮುರುಗಾಗಿತ್ತು. ತನಗೆ ಗೊತ್ತಿಲ್ಲದ್ದನ್ನು ತಳ್ಳುವುದಲ್ಲ, ಎದುರಿನವನಿಗೆ ಗೊತ್ತಿಲ್ಲದ್ದನ್ನು ತಳ್ಳಬೇಕು. ಇಟ್ಟುಕೊಂಡರೆ ಒಂದು, ತಳ್ಳಿದರೆ ಎರಡು. ಆಮೇಲೆ ಆಡಿದ ಮೂರು ಆಟವನ್ನೂ ಬೆರಿಲ್ ಗೆದ್ದಳು. ಸೋತ ಡೆಸ್ಮಂಡ್ ಅವಳ ಮುಖವನ್ನು ಓದಲು ನೋಡಿದ, ಆಗಲಿಲ್ಲ. "ಗೋಡೆ ಜೊತೆ ಟೆನಿಸ್ ಆಡಿದ ಹಾಗೆ," ಅಂತ ಗೊಣಗಿದ. ಅವನ ಬೆನ್ನ ಹಿಂದೆ ಮ್ಯೂರಿಯಲ್ ಸದ್ದಿಲ್ಲದೆ ತುಟಿಯಾಡಿಸಿದಳು: 'ಸ್ವೆಟರ್ ಹಿಂದುಮುಂದು ಹಾಕ್ಕೊಂಡಿದಾನೆ.' ಬೆರಿಲ್ ಸದ್ದಿಲ್ಲದೆ ಅಂದಳು: 'ಬಂದಾಗಿನಿಂದ ನೋಡ್ತಿದೀನಿ.'

ಮನೆಗೆ ನಡೆಯುವಾಗ ಬೆರಿಲ್ ಕೇಳಿದಳು, "ಇದು ಮೋಸ ಅಲ್ವಾ ಮ್ಯೂರಿಯಲ್?"

"ಬಾಯಿ ಬಿಟ್ಕೊಂಡು ನಿಂತವನ ತಪ್ಪು ಕಣೇ. ಕಣ್ಣು ಮುಚ್ಕೊಂಡು ಆಡು ಅಂತ ನಿಯಮದಲ್ಲಿ ಬರೆದಿದ್ಯಾ?"

"ಅವನಿಗೆ ಗೊತ್ತಾ ಇಲ್ವಾ ಅಂತ ನೋಡೋದು ಸರಿ. ಅವನ ಬಾಯಲ್ಲಿರೋ ಉತ್ತರಾನೇ ತಗೊಂಡು ನಾನು ಹೇಳಿದ್ರೆ?"

ಮ್ಯೂರಿಯಲ್ ಚೀಲದಿಂದ ನಿಯಮದ ಹಾಳೆ ತೆಗೆದು ನೋಡಿದಳು. "ಅದೂ ನಿಯಮದಲ್ಲಿಲ್ಲ."

"ನನ್ನ ನಿಯಮದಲ್ಲಿದೆ," ಅಂದಳು ಬೆರಿಲ್. "ಬೇರೆಯವರು ಬರೆದಿದ್ದು ಓದಿದ್ದು ಸಾಕು ನಂಗೆ."

ಆವತ್ತು ಮೊದಲ ಸಲ ಆ ಆಸೆ ಬಾಯಿಂದ ಹೊರಗೆ ಬಂದದ್ದು. ಮ್ಯೂರಿಯಲ್ ತೋಳಿಗೆ ತೋಳು ಸೇರಿಸಿಕೊಂಡಳು. ಆದರೆ ತೊಡಕು ಅಲ್ಲೇ ಇತ್ತು. ಗೆಲ್ಲುವ ದಾರಿ ಅಂದರೆ ಗೊತ್ತಿದ್ದರೂ ನುಂಗಿಕೊಂಡು ತಳ್ಳುವುದು. ಉತ್ತರ ಹೇಳಬೇಕು ಅಂತ ಹೊರಟವಳು ಮತ್ತೆ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಹಾಕಿಕೊಳ್ಳದಿದ್ದರೆ ಗೆಲ್ಲುವುದಿಲ್ಲ, ಗೆಲ್ಲದಿದ್ದರೆ ಟೀವಿಯಿಲ್ಲ.

ಮಾರ್ಚ್ ಹದಿನಾಲ್ಕು. ಬೆರಿಲ್ ಬೆಳಿಗ್ಗೆ ಐದಕ್ಕೇ ಎದ್ದು ನೀಲಿ ಕಾರ್ಡಿಗನ್ ಹಾಕಿ, ಬಿಚ್ಚಿ, ಹಸಿರು ಹಾಕಿ, ಬಿಚ್ಚಿ, ಮತ್ತೆ ನೀಲಿ ಹಾಕಿದಳು. ಮ್ಯೂರಿಯಲ್ ಹ್ಯಾಮ್ ಸ್ಯಾಂಡ್‌ವಿಚ್ ಕಟ್ಟಿಕೊಂಡಿದ್ದಳು, ಎರಡು ದಿನಕ್ಕಾಗುವಷ್ಟು. ಬಸ್ಸು ಪಕ್ಕದೂರು ರಾಟನ್‌ಸ್ಟಾಲ್ ದಾಟುವುದರೊಳಗೆ ಅರ್ಧ ಖಾಲಿ; ಉದ್ವೇಗಕ್ಕೆ ಹೊಟ್ಟೆ ಹಸಿಯುತ್ತದೆ ಅಂತ ಇಬ್ಬರೂ ಒಪ್ಪಿದರು.

ಹೋಟೆಲಿನ ಕಾರಿಡಾರಿನಲ್ಲಿ ಕುರ್ಚಿಗಳ ಸಾಲು. ತುದಿಯಲ್ಲಿ ಗಾಜಿನ ಬಾಗಿಲು, ಆ ಕಡೆ ಆಟದ ಕೋಣೆ. ಜೊತೆಗೆ ಬಂದವರು ಬಾಗಿಲಿನಿಂದ ಈಚೆ ಇರಬೇಕು. ಕೊರಳಿಗೆ ಚೀಟಿ ಹಾಕಿಕೊಂಡ ಒಬ್ಬ ಹುಡುಗಿ ಬಂದು ಹೆಸರು ಕೂಗಿದಳು. ಬೆರಿಲಳ ಎದುರಾಳಿ ಎಮ್ರಿಸ್ ಪ್ರಿಚರ್ಡ್, ರೆಕ್ಸಮ್ಮಿನ ಒಂದು ಶಾಲೆಗೆ ಇಪ್ಪತ್ತು ವರ್ಷ ಹೆಡ್‌ಮಾಸ್ಟರ್ ಆಗಿದ್ದವರು. ಎತ್ತರದ ಆಳು, ಬೋ ಟೈ. ಬೆರಿಲಳ ಕೈ ಕುಲುಕಿ, "ನೀವು ಯಾವ ವಿಷಯ ಕಲಿಸ್ತಿದ್ರಿ?" ಅಂತ ಕೇಳಿದರು.

"ಚಪ್ಪಲಿ ಹೊಲೀತಿದ್ದೆ," ಅಂದಳು ಬೆರಿಲ್.

"ಓಹೋ," ಅಂದರು ಅವರು, ಒಳ್ಳೆಯ ಮನಸ್ಸಿನಿಂದಲೇ. ಆದರೂ ಬೆರಿಲಳಿಗೆ ಹದಿನೈದು ವರ್ಷದ ಹುಡುಗಿಯಾಗಿ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತ ಹಾಗಾಯಿತು.

ನೆಲದ ಮೇಲೆ ಬಿಳಿ ಟೇಪಿನಲ್ಲಿ ಏಳು ಏಳು ಗೆರೆ ಎಳೆದಿದ್ದರು, ಏಣಿಯ ಬದಲಿಗೆ. ನಾಣ್ಯ ಚಿಮ್ಮಿದಾಗ ಎಮ್ರಿಸ್ ಗೆದ್ದರು. ಅವರ ಮೊದಲ ಪ್ರಶ್ನೆ: "ಇಟ್ಕೋತೀನಿ." ಸರಿ. ಒಂದು. ಬೆರಿಲಳ ಮೊದಲ ಪ್ರಶ್ನೆ ಹಂಸದ ಮರಿಯನ್ನು ಏನನ್ನುತ್ತಾರೆ ಅಂತ. ಹೆಡ್‌ಮಾಸ್ಟರರ ತುಟಿ ಅದನ್ನು ಆಗಲೇ ಹೇಳಿ ಮುಗಿಸಿತ್ತು, ತಳ್ಳಿದರೆ ಕೆಟ್ಟೆ. ಇಟ್ಟುಕೊಂಡು 'ಸಿಗ್ನೆಟ್' ಅಂದಳು, ಒಂದು ಹತ್ತಿದಳು. ಮೂರು ವರ್ಷದ ಮಗುವಿಗೂ ಗೊತ್ತಿರುವ ಉತ್ತರ. ಹೇಳಿದೆ ಅಂತ ಎಣಿಕೆಗೆ ಹಾಕಲು ಅವಳಿಗೇ ನಾಚಿಕೆ.

ಎರಡನೆಯ ಸುತ್ತಿನಲ್ಲಿ ಅವರು ಎರಡಕ್ಕೆ ಹೋದರು. ಬೆರಿಲಳಿಗೆ ಬಂದದ್ದು: ಹತ್ತಿ ನೂಲನ್ನು ಕ್ಷಾರದಲ್ಲಿ ಅದ್ದಿ ಗಟ್ಟಿ ಮಾಡುವ ವಿಧಾನಕ್ಕೆ ಯಾರ ಹೆಸರಿದೆ?

ಮರ್ಸರ್! ಲ್ಯಾಂಕಾಶೈರಿನ ಯಾವ ಗಿರಣಿಯವಳಿಗೆ ಗೊತ್ತಿಲ್ಲ! ಹೆಸರು ಗಂಟಲಿಗೆ ಬಂದು ಗುದ್ದುತ್ತಿತ್ತು. ಎದುರಿಗೆ ಬೋ ಟೈಯ ಮೇಲಿನ ತುಟಿ 'ಆರ್ಕ್‌ರೈಟ್' ಅನ್ನುತ್ತಿತ್ತು. ಬೆರಿಲ್ ಮರ್ಸರನ್ನು ಬಿಸಿ ಆಲೂಗಡ್ಡೆ ನುಂಗಿದ ಹಾಗೆ ನುಂಗಿಕೊಂಡಳು.

"ತಳ್ತೀನಿ."

"ಆರ್ಕ್‌ರೈಟ್," ಅಂದರು ಎಮ್ರಿಸ್. ತಪ್ಪು. ಬೆರಿಲ್ ಮೂರಕ್ಕೆ.

ಆಮೇಲೆ ಆಟ ಗರಗರ ತಿರುಗಿತು. ಎಮ್ರಿಸ್ ತಮಗೆ ಬಂದದ್ದರಲ್ಲಿ ಒಂದನ್ನೂ ತಳ್ಳಲಿಲ್ಲ, ಒಂದೂ ತಪ್ಪಲಿಲ್ಲ. ತಳ್ಳುವುದೆಂದರೆ ಗೊತ್ತಿಲ್ಲ ಅಂತ ಒಪ್ಪಿಕೊಂಡ ಹಾಗೆ ಅನ್ನುವ ಜಾತಿ. ಬೆರಿಲ್ ಮತ್ತೊಂದು ಸುಲಭದ್ದು ಇಟ್ಟುಕೊಂಡು ನಾಲ್ಕಕ್ಕೆ ಬಂದಳು. ಅದರ ಮುಂದಿನದು ಅವಳಿಗೂ ಗೊತ್ತಿರಲಿಲ್ಲ, ಅವರ ತುಟಿ ನೀರಿಂದ ತೆಗೆದ ಮೀನಿನ ಹಾಗೆ ಸುಮ್ಮನೆ ತೆರೆದು ಮುಚ್ಚುತ್ತಿತ್ತು. ತಳ್ಳಿದಳು. ಆರು! ಎಮ್ರಿಸ್ ತಮ್ಮ ಐದನೆಯದನ್ನೂ ಸರಿ ಹೇಳಿ ಐದಕ್ಕೆ ಬಂದು ನಿಂತರು. ಅವರ ಹಣೆಯಲ್ಲಿ ಬೆವರು. "ನಿಮ್ಮ ಮುಖದಲ್ಲಿ ಏನೂ ಕಾಣಿಸಲ್ವಲ್ಲ," ಅಂದರು.

ಗಾಜಿನಾಚೆ ಮ್ಯೂರಿಯಲ್ ಮೂಗನ್ನು ಗಾಜಿಗೆ ಒತ್ತಿ ನಿಂತಿದ್ದಳು. ಬೆರಿಲಳ ಎದೆ ಮಗ್ಗದ ಹಾಗೆ ಹೊಡೆದುಕೊಳ್ಳುತ್ತಿತ್ತು. ಇನ್ನೊಂದೇ ಒಂದು ಮೆಟ್ಟಿಲು. ತಳ್ಳಿ ಅವರು ಸರಿ ಹೇಳಿದರೆ ಅವರು ಏಳು, ಆಟ ಮುಗಿಯಿತು.

ಹುಡುಗಿ ಓದಿದಳು, ಬಲು ಬೇಗ, ಚಿಲಿಪಿಲಿ ಧ್ವನಿಯಲ್ಲಿ: "ಅಮೆರಿಕದ ಯಾವ ರಾಜ್ಯ ಆಫ್ರಿಕಾಕ್ಕೆ ಎಲ್ಲಕ್ಕಿಂತ ಹತ್ತಿರ ಇದೆ?"

ಬೆರಿಲಳ ತುಟಿಗೆ ಆ ವೇಗ ಸಿಕ್ಕಲಿಲ್ಲ. ಪ್ರಶ್ನೆ ಮುಗಿದಿತ್ತು, ಅವಳದು ಅರ್ಧದಲ್ಲೇ ತುಂಡಾಗಿತ್ತು. ತಲೆ ಖಾಲಿ, ತೊಳೆದಿಟ್ಟ ಬಟ್ಟಲು.

ಒಂದು ಸೆಕೆಂಡು. ಎದುರಿಗೆ ನೋಡಿದಳು. ಎಮ್ರಿಸರ ಮೇಲಿನ ಹಲ್ಲು ಕೆಳತುಟಿಯ ಮೇಲೆ ಕೂತಿತು, ಆಮೇಲೆ ತುಟಿ ದುಂಡಗಾಯಿತು. ಫ್ಲೋರಿಡಾ. ಅನುಮಾನವೇ ಇಲ್ಲದ ತುಟಿ. ಇಪ್ಪತ್ತು ವರ್ಷ ಶಾಲೆ ನಡೆಸಿದ ತುಟಿ. ಅದನ್ನು ಎತ್ತಿಕೊಂಡು ಹೇಳಿದರೆ ಸಾಕು, ಕಾಗದ ನೋಡಿ ಓದಿದ ಹಾಗೆ.

ಎರಡು ಸೆಕೆಂಡು. ಬೇಡ, ಅಂದುಕೊಂಡಳು ಬೆರಿಲ್. ಅದು ನನ್ನದಲ್ಲ. ಹುಡುಗಿಯ ಕಡೆಯಿಂದ, ಬೋ ಟೈಯ ಕಡೆಯಿಂದ ಕಣ್ಣು ತೆಗೆದು ನೆಲ ನೋಡಿದಳು. ತುಟಿಯಾಡಿಸಿದಳು, ಶಟಲ್ಲಿನ ಮಂಗಳವಾರದ ಧ್ವನಿ ಒಳಗೆ ಎದ್ದಿತು: ಅಮೆರಿಕದ ಯಾವ ರಾಜ್ಯ…

ಮೂರು. ಮೇಜು ಗುದ್ದಿದ ಸದ್ದು. ಬಿಯರ್ ಚೆಲ್ಲಿದ ವಾಸನೆ. ವಿಲ್ಫ್, ಕೆಂಪು ಮುಖ: "ಫ್ಲೋರಿಡಾ! ಭೂಪಟ ನೋಡಿದ ಯಾವ ಕತ್ತೆಯಾದ್ರೂ ಹೇಳುತ್ತೆ! ಕಾಗದ ತಪ್ಪು ಕಣೇ, ಬೆರಿಲ್!" ಕೈಯಲ್ಲಿ ಕಾಗದ ಹಿಡಿದ ತಾನು, ಕಲ್ಲಿನ ಮುಖದ ತಾನು. ಹೊರಗೆ ಹಿಮಮಳೆ. ಮುಂದೆ ಮುಂದೆ ಹೋಗುತ್ತಿರುವ ಅವನ ಬೆನ್ನು. ಆ ಕಾಗದದ ಮೇಲೆ ಇದ್ದದ್ದು—

ನಾಲ್ಕು. ಈಗ ಗೊತ್ತು. ಎದುರಿನವರಿಗೆ ಗೊತ್ತಿಲ್ಲ ಅನ್ನುವುದೂ ಗೊತ್ತು. ತಳ್ಳಿದರೂ ಗೆಲುವೇ, ಇಟ್ಟುಕೊಂಡರೂ ಗೆಲುವೇ. ಮೂರು ವಾರ ಕಲಿತ ವಿದ್ಯೆಯೆಲ್ಲ 'ತಳ್ಳು' ಅಂತ ಕೂಗುತ್ತಿತ್ತು.

"ಇಟ್ಕೋತೀನಿ," ಅಂದಳು ಬೆರಿಲ್ ಹೋಯ್ಲ್. "ಮೇನ್."

ಹುಡುಗಿ ಕಾಗದ ನೋಡಿದಳು. ಅವಳ ಮುಖವೂ ಚೆನ್ನಾಗಿಯೇ ಕಲ್ಲಾಗಿತ್ತು. ಆದರೆ ಬೆರಿಲ್ ನೋಡಿದ್ದು ಹೆಬ್ಬೆರಳನ್ನು. ಪ್ರಶ್ನೆ ಓದುವವರು ಉತ್ತರದ ಸಾಲಿನ ಕೆಳಗೆ ಹೆಬ್ಬೆರಳು ಒತ್ತಿ ಹಿಡಿದಿರುತ್ತಾರೆ. ಉತ್ತರ ಸರಿಯಾದ ಕ್ಷಣ ಬೆರಳು ತಾನಾಗಿ ಕೆಳಗಿನ ಪ್ರಶ್ನೆಗೆ ಜಾರುತ್ತದೆ. ಆ ಬೆರಳು ಜಾರಿತು.

"ಸರಿ," ಅಂದಳು ಹುಡುಗಿ. "ಏಳು."

"ಫ್ಲೋರಿಡಾ ಅಲ್ವಾ?" ಅಂದರು ಎಮ್ರಿಸ್, ಬೆರಗಾಗಿ.

"ಭೂಪಟದಲ್ಲಿ ನೋಡ್ಬೇಡಿ, ಗೋಳದಲ್ಲಿ ನೋಡಿ," ಅಂದಳು ಬೆರಿಲ್. "ನಮ್ಮ ಯಜಮಾನ್ರೂ ಫ್ಲೋರಿಡಾ ಅಂತ್ಲೇ ಅಂದಿದ್ರು." ಅವಳ ಕಲ್ಲಿನ ಮುಖ ಮೂವತ್ತೊಂದು ವರ್ಷದ ಮೇಲೆ ಬಿರುಕು ಬಿಟ್ಟಿತು, ನಗು ತಡೆಯಲಿಕ್ಕೆ ಆಗಲಿಲ್ಲ, ಅಳುವೂ. ಎಮ್ರಿಸ್ ಬೋ ಟೈ ಸರಿ ಮಾಡಿಕೊಂಡು ಎರಡೂ ಕೈಯಲ್ಲಿ ಅವಳ ಕೈ ಹಿಡಿದು ಕುಲುಕಿದರು.

ಹುಡುಗಿ ಒಂದು ಹಾಳೆ ಕೊಟ್ಟಳು. "ಮೇ ಒಂಬತ್ತನೇ ತಾರೀಕು ಸ್ಟುಡಿಯೋ, ಬೆರಿಲ್. ಮೊದಲನೇ ಕಾರ್ಯಕ್ರಮಕ್ಕೇ. ಒಂದು ಕೇಳ್ಲಾ? ಅಷ್ಟೆಲ್ಲ ತಳ್ಳಿದವರು ಕೊನೇದನ್ನ ಯಾಕೆ ಇಟ್ಕೊಂಡ್ರಿ?"

"ನಂಗೆ ಗೊತ್ತಿತ್ತಲ್ಲ ಕಂದ," ಅಂದಳು ಬೆರಿಲ್.

ಗಾಜಿನಾಚೆಯಿಂದ ಮ್ಯೂರಿಯಲ್ ತುಟಿಯನ್ನು ಬಾಗಿಲಗಲ ಮಾಡಿ ಕೇಳುತ್ತಿದ್ದಳು: 'ಗೆದ್ಯಾ? ಏ, ಗೆದ್ಯಾ?'

ಬೆರಿಲ್ ಹಾಳೆಯನ್ನು ಎದೆಗೆ ಒತ್ತಿಕೊಂಡು, ಮುನ್ನೂರು ಮಗ್ಗ ಹೊಡೆದುಕೊಳ್ಳುವಾಗ ಹೇಳುವ ಹಾಗೆ, ಸದ್ದಿಲ್ಲದೆ, ದೊಡ್ಡದಾಗಿ ಹೇಳಿದಳು: 'ನಾನೇ ಹೇಳ್ದೆ!'

ಮ್ಯೂರಿಯಲ್ ಗಾಜಿನ ಮೇಲೆ ಎರಡು ಸಲ ತಟ್ಟಿದಳು. ಆಮೇಲೆ ಅವಳ ತುಟಿ ಮತ್ತೆ ಆಡಿತು: 'ಮುಂದಿನ ಸಲಕ್ಕೆ ನೀಲಿ ಕಾರ್ಡಿಗನ್ ಬೇಡ. ಟೀವಿಲಿ ಗೋಡೆ ಥರಾನೇ ಕಾಣ್ತೀಯ.'